ಉಷ್ಣದ ನೆಪ

ನನ್ನ ಕೆಳತುಟಿಯ ಎಡ ಅಂಚಿನಲ್ಲಿ ಎದ್ದ ಗುಳ್ಳೆಗಳನ್ನು ಯಾರಾದರೂ ಲೆಕ್ಕವಿಟ್ಟಿದ್ದರೆ ಈ ಹೊತ್ತಿಗೆ ನೂರು ದಾಟಿರುತ್ತಿತ್ತು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಿಗ್ಗೆ ಎದ್ದಿತ್ತು. ಅಕ್ಕನ ಮದುವೆಯ ಚಪ್ಪರದ ದಿನ ಎದ್ದಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ವರಾಂಡದ ಬೆಂಚಿನ ಮೇಲೆ ನಾಲ್ಕು ರಾತ್ರಿ ಕಳೆದಾಗ ಐದನೆಯ ಬೆಳಿಗ್ಗೆ ಎದ್ದಿತ್ತು. ಪ್ರತಿ ಸಲವೂ ಅಮ್ಮನ ಬಾಯಲ್ಲಿ ಒಂದೇ ಮಾತು: "ಉಷ್ಣ ಕಣೇ." ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು, ಗುಳ್ಳೆಗೆ ಬೆಣ್ಣೆ ಸವರುತ್ತಿದ್ದಳು, ಕಾಮಕಸ್ತೂರಿ ಬೀಜ ನೆನೆಸಿದ ನೀರು ಕುಡಿಸುತ್ತಿದ್ದಳು. ಗುಳ್ಳೆ ಒಡೆದು, ನೀರೂರಿ, ಹಕ್ಕಳೆ ಕಟ್ಟಿ, ಹತ್ತು ದಿನದೊಳಗೆ ಉದುರುತ್ತಿತ್ತು. "ನೋಡು, ಉಷ್ಣ ಇಳೀತು." ಮೂವತ್ತು ವರ್ಷ ನಾನೂ ಅದನ್ನೇ ನಂಬಿದ್ದೆ. ನನ್ನ ಮಗಳಿಗೂ ಅದನ್ನೇ ಹೇಳಿದ್ದೆ.

ಅಮ್ಮನ ಕೈಯ ತಂಪಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟು ಆ ಮಾತಿನ ಮೇಲೆ. ತುಟಿಯ ಮೇಲೆ ಗುಂಪುಗುಂಪಾಗಿ ನೀರುಗುಳ್ಳೆ ಎದ್ದರೆ ಮನೆಯವರು ಉಷ್ಣ ಎನ್ನುತ್ತಾರೆ, ಪಕ್ಕದ ಮನೆಯವರು ಉಷ್ಣ ಎನ್ನುತ್ತಾರೆ, ಮೆಡಿಕಲ್ ಸ್ಟೋರಿನ ಹುಡುಗ ಬಾಡಿ ಹೀಟ್ ಎನ್ನುತ್ತಾನೆ. ಸರದಿಯಲ್ಲಿ ಕಾದು ಒಳಗೆ ಹೋದರೆ ಡಾಕ್ಟರೂ ಕೆಲವೊಮ್ಮೆ "ಸ್ವಲ್ಪ ಹೀಟಾಗಿದೆ, ನೀರು ಚೆನ್ನಾಗಿ ಕುಡೀರಿ" ಎಂದು ಕಳಿಸುತ್ತಾರೆ. ಕೆಲವು ಮನೆಗಳಲ್ಲಿ ಹಲ್ಲಿ ಉಚ್ಚೆ ಹೊಯ್ದಿದೆ ಎಂದೋ ರಾತ್ರಿ ಜಿರಳೆ ನೆಕ್ಕಿದೆ ಎಂದೋ ಹೇಳುವುದುಂಟು. ಆದರೆ ಉಷ್ಣದ ಮುಂದೆ ಅವು ನಿಲ್ಲುವುದಿಲ್ಲ, ಏಕೆಂದರೆ ಉಷ್ಣ ಎಂದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಈ ಮಾತು ನಿರುಪದ್ರವಿ, ಹಳೆಯ ಕಾಲದ್ದು, ಇರಲಿ ಬಿಡಿ ಎಂಬುದು ಓದಿಕೊಂಡವರ ಅಭಿಪ್ರಾಯ. ಅದನ್ನೇ ನಾನು ಖಂಡಿಸಲು ಕೂತಿದ್ದೇನೆ. ಈ ಮಾತು ರೋಗಿಯ ಕೈಯಲ್ಲಿರುವ ಒಂದೇ ಒಂದು ದಿನವನ್ನು ಕಳೆಯುತ್ತದೆ, ಮತ್ತು ಗುಳ್ಳೆ ಅಂಟುವ ರೋಗವೆಂಬ ಸಂಗತಿಯನ್ನು ಮನೆಮಂದಿಯಿಂದ ಮುಚ್ಚಿಡುತ್ತದೆ.

ಮೊದಲು ಯಾವ ಗುಳ್ಳೆಯ ಮಾತು ಎಂಬುದು ಸ್ಪಷ್ಟವಾಗಲಿ. ಬಾಯೊಳಗೆ, ಕೆನ್ನೆಯ ಒಳಪದರದಲ್ಲೋ ನಾಲಿಗೆಯ ಅಂಚಿನಲ್ಲೋ ಏಳುವ ಬಿಳಿ ಹುಣ್ಣು ಬೇರೆ, ಅದು ಅಂಟುವುದಿಲ್ಲ. ಬಾಯಿಯ ಎರಡು ಮೂಲೆಗಳು ಸೀಳಿ ಉರಿಯುವುದು ಬೇರೆ. ಅದಕ್ಕೆ ರಿಬೋಫ್ಲೇವಿನ್ ಅಥವಾ ಕಬ್ಬಿಣದ ಕೊರತೆ ಕಾರಣವಿರಬಹುದು, ಶಿಲೀಂಧ್ರ ಇರಬಹುದು. ನಾನು ಹೇಳುತ್ತಿರುವುದು ತುಟಿಯ ಹೊರ ಅಂಚಿನಲ್ಲಿ, ಚರ್ಮ ಮತ್ತು ತುಟಿ ಕೂಡುವ ಗೆರೆಯ ಮೇಲೆ, ಮೊದಲು ಜುಮುಜುಮು ಎಂದು ಆಮೇಲೆ ಸಾಸಿವೆ ಕಾಳಿನಂಥ ನೀರುಗುಳ್ಳೆಗಳು ಗೊಂಚಲಾಗಿ ಏಳುವುದರ ಬಗ್ಗೆ. ಜ್ವರದ ಜೊತೆ ಬರುವುದರಿಂದ ಇದಕ್ಕೆ ಜ್ವರಗುಳ್ಳೆ ಎಂಬ ಹೆಸರೂ ಇದೆ. ನಮ್ಮಲ್ಲಿ ಈ ಮೂರಕ್ಕೂ ಒಂದೇ ಮದ್ದು: ಬಿ ಕಾಂಪ್ಲೆಕ್ಸ್. ಮೂಲೆ ಸೀಳಿದವರಿಗೆ ಅದು ಕೆಲಸ ಮಾಡಬಹುದು. ನೀರುಗುಳ್ಳೆಗೆ ಅದರಿಂದ ಏನೂ ಆಗದು. ಗುಳ್ಳೆ ತನ್ನ ಪಾಡಿಗೆ ತಾನು ಒಣಗುತ್ತದೆ, ಹೆಸರು ಮಾತ್ರೆಗೆ ಬರುತ್ತದೆ.

ಈ ಗುಳ್ಳೆಯ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು, ಬಹುಮಟ್ಟಿಗೆ ಅದರ ಒಂದನೆಯ ಬಗೆ. ಅದು ಚಿಕ್ಕಂದಿನಲ್ಲೇ ಒಬ್ಬರ ಎಂಜಲಿನಿಂದ, ಮುತ್ತಿನಿಂದ ಇನ್ನೊಬ್ಬರಿಗೆ ದಾಟುತ್ತದೆ. ಮೊದಲ ಸಲ ಬಂದಾಗ ಕೆಲವು ಮಕ್ಕಳಿಗೆ ಜ್ವರ ಬಂದು ಬಾಯೆಲ್ಲ ಹುಣ್ಣಾಗಬಹುದು. ಹೆಚ್ಚಿನವರಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಆಮೇಲೆ ಅದು ಹೋಗುವುದೂ ಇಲ್ಲ. ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಗುಂಟ ಮೇಲಕ್ಕೆ ಸರಿದು, ಕಿವಿಯ ಮುಂದೆ ತಲೆಬುರುಡೆಯ ಒಳಗಿರುವ ನರಗಂಟಿನಲ್ಲಿ ಸದ್ದಿಲ್ಲದೆ ಕೂರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಈ ನರಗಂಟಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ, ಆ ನಂತರ ರೋಗಿಗಳ ಮುಖದಲ್ಲಿ ಗುಳ್ಳೆಗಳು ಏಳುವುದನ್ನು ಕಂಡಿದ್ದರು. ವೈರಾಣು ನರಗಂಟಿನಲ್ಲೇ ಅಡಗಿರುತ್ತದೆ ಎಂದು ಅರ್ನೆಸ್ಟ್ ಗುಡ್‌ಪಾಶ್ಚರ್ 1929ರಲ್ಲಿ ವಾದಿಸಿದರು. 1971ರಲ್ಲಿ ಇಲಿಗಳ ನರಗಂಟಿನಲ್ಲಿ, 1973ರಲ್ಲಿ ಸತ್ತ ಮನುಷ್ಯರಿಂದ ತೆಗೆದ ನರಗಂಟಿನಲ್ಲಿ ವೈರಾಣು ಸಿಕ್ಕಿತು. ಅಂದರೆ ನಾನು ಹುಟ್ಟುವ ಮೊದಲೇ ಈ ಪ್ರಶ್ನೆ ಬಗೆಹರಿದಿತ್ತು. ಆಮೇಲೂ ಮೂವತ್ತು ವರ್ಷ ನನ್ನ ನೆತ್ತಿಗೆ ಹರಳೆಣ್ಣೆ ಬಿತ್ತು.

ಉಷ್ಣ ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಹೇಳಲಿ. ಗುಳ್ಳೆ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗದಲ್ಲೇ ಏಕೆ ಏಳುತ್ತದೆ? ಮೈಯಿಡೀ ಕಾದಿದ್ದರೆ ನನ್ನ ಎಡ ಅಂಚನ್ನೇ ಹುಡುಕಿಕೊಂಡು ಬರಲು ಆ ಕಾವಿಗೆ ಕಣ್ಣಿದೆಯೇ? ನರದ ಎಳೆ ಎಲ್ಲಿ ಬಂದು ಮುಗಿಯುತ್ತದೋ ಗುಳ್ಳೆಯೂ ಅಲ್ಲೇ ಏಳುತ್ತದೆ. ದಾರಿ ಗೊತ್ತಿರುವುದು ನರದೊಳಗಿರುವ ವೈರಾಣುವಿಗೆ. ಇನ್ನೊಂದನ್ನೂ ಯೋಚಿಸಲಿ. ಇದೇ ಗುಳ್ಳೆಗೆ ಇಂಗ್ಲಿಷಿನವರು ಕೋಲ್ಡ್ ಸೋರ್, ಅಂದರೆ ಚಳಿ ನೆಗಡಿಯ ಹುಣ್ಣು ಎಂದು ಹೆಸರಿಟ್ಟರು. ಅವರ ಊರಿನಲ್ಲಿ ಚಳಿ, ಅವರು ಚಳಿಯನ್ನು ದೂರಿದರು. ನಮ್ಮ ಊರಿನಲ್ಲಿ ಬಿಸಿಲು, ನಾವು ಉಷ್ಣವನ್ನು ದೂರಿದೆವು. ಒಂದೇ ಗುಳ್ಳೆಗೆ ಎರಡು ತದ್ವಿರುದ್ಧ ಕಾರಣಗಳು ಒಗ್ಗುತ್ತವೆ ಎಂದಾದರೆ ಎರಡೂ ಕಾರಣಗಳಲ್ಲ ಎಂದೇ ಅರ್ಥ. ಇನ್ನೂ ಅನುಮಾನವಿದ್ದವರು ಗರಡಿಮನೆಯನ್ನು ನೆನೆಯಲಿ. ಮೈಗೆ ಮೈ, ಕೆನ್ನೆಗೆ ಕೆನ್ನೆ ಉಜ್ಜುವ ಕುಸ್ತಿಯಲ್ಲಿ ಈ ವೈರಾಣು ಹರಡುವುದು ಎಷ್ಟು ಮಾಮೂಲು ಎಂದರೆ ವೈದ್ಯರು ಅದಕ್ಕೆ ಪೈಲ್ವಾನರ ಹೆಸರನ್ನೇ ಇಟ್ಟಿದ್ದಾರೆ. 1989ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ನಡೆದ ಒಂದು ಕುಸ್ತಿ ಶಿಬಿರದಲ್ಲಿ 175 ಹುಡುಗರ ಪೈಕಿ 60 ಮಂದಿಗೆ ಮುಖ, ಕುತ್ತಿಗೆ, ತೋಳುಗಳ ಮೇಲೆ ಈ ಗುಳ್ಳೆಗಳು ಎದ್ದವು. ಅರವತ್ತು ಹುಡುಗರಿಗೆ ಒಂದೇ ಶಿಬಿರದಲ್ಲಿ ಒಟ್ಟಿಗೆ ಉಷ್ಣವಾಯಿತೇ?

ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪುತ್ತೇನೆ. ಬಿಸಿಲಿಗೆ ಹೋಗಿ ಬಂದರೆ ಗುಳ್ಳೆ ಏಳುತ್ತದೆ ಎಂದು ನಮ್ಮ ಹಿರಿಯರು ಕಂಡದ್ದು ಸುಳ್ಳಲ್ಲ. ಜ್ವರ ಬಂದರೆ ಏಳುತ್ತದೆ ಎಂಬುದೂ ನಿಜ. ನಿದ್ದೆಗೇಡು, ಮನಸ್ಸಿನ ತಳಮಳ, ಮುಟ್ಟಿನ ದಿನಗಳು, ಹಲ್ಲಿನ ಚಿಕಿತ್ಸೆ ಎಲ್ಲವೂ ಮಲಗಿರುವ ವೈರಾಣುವನ್ನು ಎಬ್ಬಿಸಬಲ್ಲವು. ಹಿರಿಯರ ಕಣ್ಣು ಸರಿಯಾಗಿತ್ತು, ಕಂಡದ್ದಕ್ಕೆ ಕೊಟ್ಟ ಅರ್ಥ ತಪ್ಪಿತು. ಬಿಸಿಲಿನಲ್ಲಿ ಗುಳ್ಳೆ ಎಬ್ಬಿಸುವುದು ಅದರ ಕಾವಲ್ಲ, ಅದರೊಳಗಿನ ನೇರಳಾತೀತ ಕಿರಣ; ಅದಕ್ಕೇ ಹಿಮದ ಬೆಟ್ಟದ ಮೇಲೆ ಗಡಗಡ ನಡುಗುತ್ತಿರುವವರ ತುಟಿಗೂ ಇದು ಏಳುತ್ತದೆ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗವಿದೆ. ಪದೇ ಪದೇ ತುಟಿಗುಳ್ಳೆ ಬರುವವರ ತುಟಿಗೆ ಅಳತೆಮಾಡಿ ನೇರಳಾತೀತ ಕಿರಣ ಬಿಟ್ಟರು. ಹುಸಿ ಮುಲಾಮು ಹಚ್ಚಿದ್ದಾಗ ನೂರಕ್ಕೆ 71 ಮಂದಿಗೆ ಗುಳ್ಳೆ ಎದ್ದಿತು. ಅವರಿಗೇ ಸನ್‌ಸ್ಕ್ರೀನ್ ಹಚ್ಚಿದಾಗ ಒಬ್ಬರಿಗೂ ಏಳಲಿಲ್ಲ. ಎಳನೀರು ಕುಡಿದು ಮಟಮಟ ಮಧ್ಯಾಹ್ನದಲ್ಲಿ ಬಸ್ಸಿಗೆ ಕಾಯುವವರಿಗೆ ಉಷ್ಣದ ಮಾತು ಈ ರಕ್ಷಣೆಯನ್ನು ಹೇಳಿಕೊಡುವುದಿಲ್ಲ. ಹೊಟ್ಟೆಯನ್ನು ತಂಪು ಮಾಡು ಎನ್ನುತ್ತದೆ. ತುಟಿಯನ್ನು ಮುಚ್ಚು ಎನ್ನುವುದಿಲ್ಲ. ತುಟಿಗೆ ಹಚ್ಚುವ ಸನ್‌ಸ್ಕ್ರೀನ್ ಕಡ್ಡಿ, ಅಗಲ ಅಂಚಿನ ಟೋಪಿ, ಒಂದು ಕೊಡೆ. ನನ್ನ ಗುಳ್ಳೆಗಳು ವರ್ಷಕ್ಕೆ ಏಳೆಂಟರಿಂದ ಎರಡು ಮೂರಕ್ಕೆ ಇಳಿದದ್ದರಲ್ಲಿ ಈ ಮೂರರ ಪಾಲು ದೊಡ್ಡದು ಎಂದೇ ನಾನು ನಂಬಿದ್ದೇನೆ.

ಈಗ ಕಳೆದುಹೋಗುವ ಆ ಒಂದು ದಿನದ ಮಾತು.

ಗುಳ್ಳೆ ಏಳುವ ಮೊದಲು ತುಟಿ ಹೇಳುತ್ತದೆ. ಜುಮುಗುಡುತ್ತದೆ, ಚುರುಗುಡುತ್ತದೆ, ಆ ಜಾಗ ಬಿಗಿದಂತಾಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಏನೂ ಕಾಣದು. ಈ ರೋಗವಿರುವ ಬಹಳಷ್ಟು ಜನರಿಗೆ ಆ ಗಳಿಗೆ ಗೊತ್ತು, ಅದು ಬಂದಾಗ ಹೊಟ್ಟೆಯಲ್ಲಾಗುವ ಬೇಸರವೂ ಗೊತ್ತು. ಕೆಲವು ಗಂಟೆಯಿಂದ ಒಂದು ದಿನದವರೆಗಿನ ಈ ಅವಧಿಯಲ್ಲಿ ವೈರಾಣು ನರದ ತುದಿಗೆ ಇಳಿದು ತುಟಿಯ ಕೋಶಗಳಲ್ಲಿ ಮರಿ ಹಾಕುತ್ತಿರುತ್ತದೆ. ಮದ್ದು ಹತ್ತುವುದು ಆಗಲೇ. ಎಸೈಕ್ಲೊವಿರ್ ಎಂಬ ಔಷಧಿ ವೈರಾಣುವಿನ ಸ್ವಂತ ಕಿಣ್ವವೊಂದು ಮುಟ್ಟಿದ ಮೇಲಷ್ಟೇ ಚುರುಕಾಗುತ್ತದೆ. ಹಾಗಾಗಿ ಸೋಂಕು ತಗುಲಿದ ಕೋಶದಲ್ಲಿ ವೈರಾಣುವಿನ ನಕಲು ಕೆಲಸವನ್ನು ನಿಲ್ಲಿಸುತ್ತದೆ, ಆರೋಗ್ಯವಂತ ಕೋಶವನ್ನು ಅದರ ಪಾಡಿಗೆ ಬಿಡುತ್ತದೆ. ಈ ಔಷಧಿಯ ಹಿಂದೆ ದುಡಿದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಡಾಕ್ಟರೇಟ್ ಓದು ಮುಗಿಸಲಾಗದ ಹೆಣ್ಣುಮಗಳು ಆಕೆ. ಇವತ್ತು ಈ ಮಾತ್ರೆ ನಮ್ಮ ತಾಲ್ಲೂಕು ಊರಿನ ಅಂಗಡಿಗಳಲ್ಲೂ ಸಿಗುತ್ತದೆ. ಅದರದೇ ಸುಧಾರಿತ ರೂಪವಾದ ವ್ಯಾಲಸೈಕ್ಲೊವಿರ್ ಅನ್ನು ಜುಮುಗುಟ್ಟಿದ ಕೂಡಲೇ 2 ಗ್ರಾಂ, ಹನ್ನೆರಡು ಗಂಟೆ ಬಿಟ್ಟು ಮತ್ತೆ 2 ಗ್ರಾಂ, ಒಂದೇ ದಿನ ತೆಗೆದುಕೊಂಡರೆ ಸಾಕು ಎಂಬ ಕ್ರಮಕ್ಕೆ ಅಮೆರಿಕದಲ್ಲಿ 2002ರಲ್ಲೇ ಒಪ್ಪಿಗೆ ಸಿಕ್ಕಿದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬೇರೆ, ಗರ್ಭಿಣಿಯರು ಕೇಳಿಯೇ ತೆಗೆದುಕೊಳ್ಳಬೇಕು. ಆದ್ದರಿಂದ ವೈದ್ಯರ ಚೀಟಿ ಮೊದಲೇ ಬರೆಸಿಟ್ಟುಕೊಂಡು ಮಾತ್ರೆಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಸರಿಯಾದ ದಾರಿ. ಗುಳ್ಳೆ ಒಡೆದ ಮೂರನೆಯ ದಿನ ಅದೇ ಮಾತ್ರೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಉಷ್ಣದ ಮಾತು ಮಾಡುವ ಅನ್ಯಾಯ ಇದೇ. ಮೊದಲ ದಿನ ಮಜ್ಜಿಗೆಗೆ ಹೋಗುತ್ತದೆ, ಎರಡನೆಯ ದಿನ ಹರಳೆಣ್ಣೆಗೆ ಹೋಗುತ್ತದೆ, ಮೂರನೆಯ ದಿನ ಮುಖ ತೋರಿಸಲಾಗದೆ ಡಾಕ್ಟರ ಬಳಿ ಓಡುತ್ತಾರೆ.

"ಇಷ್ಟೆಲ್ಲ ಮಾಡಿ ಉಳಿಯುವುದು ಎಷ್ಟು ದಿನ?" ಎಂದು ಓದಿಕೊಂಡ ಸ್ನೇಹಿತರೊಬ್ಬರು ನನ್ನನ್ನು ಕೇಳಿದರು. ಸುಮಾರು ಒಂದು ದಿನ. ಮುಲಾಮು ಮಾತ್ರ ಹಚ್ಚಿದರೆ ಅರ್ಧ ದಿನ. ಇದಕ್ಕಿಂತ ಹೆಚ್ಚನ್ನು ಯಾರಾದರೂ ಮಾತು ಕೊಟ್ಟರೆ, ಬೇರು ಸಮೇತ ಕಿತ್ತು ಹಾಕುತ್ತೇವೆ ಎಂದರೆ, ಅದು ಸುಳ್ಳು. ನರಗಂಟಿನಲ್ಲಿ ಕೂತದ್ದನ್ನು ಹೊರಗೆ ತರುವ ಮದ್ದು ಇವತ್ತಿನವರೆಗೆ ಇಲ್ಲ. ವರ್ಷಕ್ಕೊಮ್ಮೆ ಸಣ್ಣದಾಗಿ ಬಂದುಹೋಗುವವರಿಗೆ ಮಾತ್ರೆಯೇ ಬೇಡ ಎಂದು ನಾನೂ ಹೇಳುತ್ತೇನೆ. ಆದರೆ ವರ್ಷಕ್ಕೆ ಆರು ಸಲ, ಎಂಟು ಸಲ ಬರುವವರಿದ್ದಾರೆ. ಅವರಿಗೆ ದಿನಾ ಸಣ್ಣ ಪ್ರಮಾಣದಲ್ಲಿ ಕೆಲವು ತಿಂಗಳು ಮಾತ್ರೆ ಕೊಟ್ಟು ಗುಳ್ಳೆ ಏಳದಂತೆ ತಡೆಯುವ ಚಿಕಿತ್ಸೆ ಇದೆ. ಅಂಥ ಚಿಕಿತ್ಸೆ ಇದೆ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಮೈತುಂಬ ಎಕ್ಸಿಮಾ ಇರುವ ಮಕ್ಕಳು, ಇವರಿಗೆ ಈ ಗುಳ್ಳೆ ತುಟಿಯಲ್ಲೇ ನಿಲ್ಲದೆ ಹರಡಬಹುದು. ಅವರ ಮನೆಯಲ್ಲೂ ಉಷ್ಣ ಎಂದು ಕಾಯುತ್ತಾರಲ್ಲ, ಅದನ್ನು ನೆನೆದರೆ ನನಗೆ ಕೈ ನಡುಗುತ್ತದೆ. ಅದೇ ನರಗಂಟಿನಿಂದ ಕಣ್ಣಿಗೂ ಒಂದು ಕವಲು ಹೋಗುತ್ತದೆ. ಆ ದಾರಿ ಹಿಡಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಮರದ ಕೊಂಬೆಯಂತೆ ಕವಲೊಡೆದ ಹುಣ್ಣಾಗುತ್ತದೆ. ಮತ್ತೆ ಮತ್ತೆ ಬಂದರೆ ಕಲೆ ಉಳಿದು ದೃಷ್ಟಿ ಹೋಗಬಹುದು. ತುಟಿಗುಳ್ಳೆ ಬರುವವರ ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅದನ್ನೂ ಉಷ್ಣ ಎಂದು ಎಣ್ಣೆ ಬಿಡಬೇಡಿ, ಅಂಗಡಿಯ ಹನಿಯನ್ನೂ ಬಿಡಬೇಡಿ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ಅಂಗಡಿಯ ಹನಿ ಎಂದೆ. ಅಂಗಡಿಯ ಮುಲಾಮಿನ ಕತೆಯೂ ಅಷ್ಟೇ ಕೆಟ್ಟದು. ಕೌಂಟರಿನಲ್ಲಿ ನಿಂತು ತುಟಿ ತೋರಿಸಿದರೆ ಕೈಗೆ ಬರುವುದು ಸಾಮಾನ್ಯವಾಗಿ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬು: ಒಂದು ಸ್ಟೀರಾಯ್ಡ್, ಒಂದು ಆ್ಯಂಟಿಬಯೋಟಿಕ್, ಒಂದು ಶಿಲೀಂಧ್ರದ ಮದ್ದು. ವೈರಾಣುವನ್ನು ತಡೆಯುವುದು ಅದರಲ್ಲಿ ಏನೂ ಇಲ್ಲ. ವೈರಾಣುವಿಗೆ ತಡೆಯಿಲ್ಲದೆ ಬರಿಯ ಸ್ಟೀರಾಯ್ಡ್ ಹಚ್ಚಿದರೆ ಕೆಂಪು ಎರಡು ದಿನ ಇಳಿದಂತೆ ಕಾಣುತ್ತದೆ, ದೇಹದ ಕಾವಲು ಆ ಜಾಗದಲ್ಲಿ ಸಡಿಲವಾಗುತ್ತದೆ, ಗುಳ್ಳೆ ಹರಡಲು ಅನುಕೂಲವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅದಾದ ಮೇಲೂ ನಾನು ಅಂಥ ಟ್ಯೂಬನ್ನು ಚೀಟಿಯಿಲ್ಲದೆ ಎರಡು ಸಲ ಕೊಂಡು ತಂದಿದ್ದೇನೆ. ಯಾರೂ ಏನೂ ಕೇಳಲಿಲ್ಲ. ಮನೆಯೊಳಗೆ ಟೂತ್‌ಪೇಸ್ಟು, ಸುಣ್ಣ ಹಚ್ಚುವವರೂ ಇದ್ದಾರೆ. ಗುಳ್ಳೆ ಸುಟ್ಟು ಕಪ್ಪು ಕಲೆ ಉಳಿಯುತ್ತದೆ, ಅಷ್ಟೇ.

ಇಷ್ಟು ಸ್ಪಷ್ಟವಾದ ಸಂಗತಿ ನಮ್ಮ ಮನೆಗಳೊಳಗೆ ಏಕೆ ಬರಲಿಲ್ಲ? ಅಜ್ಞಾನ ಎಂದು ಹೇಳಿ ಮುಗಿಸಬಹುದಿತ್ತು. ನನಗೆ ಹಾಗನ್ನಿಸುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಮದುವೆಯಾದ ಆರನೆಯ ತಿಂಗಳು ಚರ್ಮದ ಡಾಕ್ಟರು ಚೀಟಿಯ ಮೇಲೆ ಹರ್ಪಿಸ್ ಎಂದು ಬರೆದರು. ಆಕೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ಹೆಸರನ್ನು ಹುಡುಕಿದಳು. ಬಂದದ್ದೆಲ್ಲ ಗುಪ್ತರೋಗದ ಮಾತು. ಮನೆ ತಲುಪುವ ಮೊದಲು ಚೀಟಿಯನ್ನು ಹರಿದು ಕಿಟಕಿಯಿಂದ ಬಿಸಾಕಿದಳು. ಅತ್ತೆ ಕೇಳಿದಾಗ ಹೇಳಿದ್ದು, "ಏನಿಲ್ಲ ಅತ್ತೆ, ಉಷ್ಣ ಅಂದ್ರು." ಆಕೆಗೆ ಉಷ್ಣ ಎಂಬುದು ಮೂಢನಂಬಿಕೆಯಾಗಿರಲಿಲ್ಲ, ಅಡಗಿಕೊಳ್ಳುವ ಜಾಗವಾಗಿತ್ತು. ಉಷ್ಣ ಎಂದರೆ ಯಾರ ತಪ್ಪೂ ಇಲ್ಲ. ಹರ್ಪಿಸ್ ಎಂದರೆ ಯಾರಿಂದ, ಎಲ್ಲಿಂದ, ಯಾವಾಗ ಎಂಬ ಪ್ರಶ್ನೆಗಳು. ಉಷ್ಣದ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿದಿಟ್ಟಿರುವುದು ಈ ನಾಚಿಕೆಯೇ ಎಂದು ನಾನು ಹೇಳುತ್ತೇನೆ. ಆ ನಾಚಿಕೆಗೂ ಆಧಾರವಿಲ್ಲ. 50 ವರ್ಷದೊಳಗಿನವರಲ್ಲಿ ಜಗತ್ತಿನಾದ್ಯಂತ 380 ಕೋಟಿ ಜನರ ಮೈಯಲ್ಲಿ, ನೂರಕ್ಕೆ 64 ಮಂದಿಯಲ್ಲಿ, ಒಂದನೆಯ ಬಗೆಯ ಈ ವೈರಾಣು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಅದು ಅಂಟಿದ್ದು ಚಿಕ್ಕಂದಿನಲ್ಲಿ. ಅಜ್ಜಿಯೊಬ್ಬಳು ಗಂಜಿಯ ಚಮಚವನ್ನು ತನ್ನ ತುಟಿಗಿಟ್ಟು ಬಿಸಿ ನೋಡಿ ಮೊಮ್ಮಗುವಿನ ಬಾಯಿಗಿಟ್ಟಾಗ. ಚಿಕ್ಕಪ್ಪ ಮುದ್ದು ಮಾಡಿದಾಗ. ಇದರಲ್ಲಿ ನಡತೆಯ ಪ್ರಶ್ನೆ ಎಲ್ಲಿಂದ ಬಂತು? ಚೀಟಿ ಬರೆಯುವ ಡಾಕ್ಟರು ಒಂದು ನಿಮಿಷ ಖರ್ಚು ಮಾಡಿ ಈ ಮಾತನ್ನು ಹೇಳಿದ್ದರೆ ಆ ಹುಡುಗಿಯ ಚೀಟಿ ರಸ್ತೆಗೆ ಬೀಳುತ್ತಿರಲಿಲ್ಲ.

ಇನ್ನೊಂದು ಕಡೆಯಿಂದ ಬರುವ ವಾದ: ಉಷ್ಣ, ಶೀತ ನಮ್ಮ ಪರಂಪರೆಯ ಜ್ಞಾನ, ಅದನ್ನು ಹಳಿಯುವುದು ಇಂಗ್ಲಿಷ್ ಮದ್ದಿನ ಅಹಂಕಾರ. ಪರಂಪರೆಯನ್ನು ಎತ್ತುವವರು ಅದನ್ನು ತೆರೆದು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಸರ್ಪ ಎಂಬ ಚರ್ಮರೋಗಕ್ಕೆ ಒಂದು ಅಧ್ಯಾಯವೇ ಇದೆ. ಸರಿದು ಸರಿದು ಹರಡುವುದರಿಂದ ಅದಕ್ಕೆ ಆ ಹೆಸರು. ಹರಿದಾಡುವ ಹಾವಿಗೆ ಸರ್ಪ ಎಂಬ ಹೆಸರು ಬಂದದ್ದೂ ಅದೇ ಧಾತುವಿನಿಂದ. ಗ್ರೀಕರು ಹರಿದಾಡುವುದಕ್ಕೆ ಬಳಸಿದ ಮಾತಿನಿಂದ ಹರ್ಪಿಸ್ ಎಂಬ ಹೆಸರು ಬಂತು, ಮತ್ತು ಆ ಗ್ರೀಕ್ ಮಾತೂ ಸಂಸ್ಕೃತದ ಸರ್ಪವೂ ಒಂದೇ ಬೇರಿನ ಕುಡಿಗಳು. ವಿಸರ್ಪವೇ ತುಟಿಗುಳ್ಳೆ ಎಂದು ನಾನು ಹೇಳುತ್ತಿಲ್ಲ, ಸರ್ಪಸುತ್ತೂ ಬೇರೆಯೇ ವೈರಾಣುವಿನ ರೋಗ. ನಾನು ಹೇಳುವುದಿಷ್ಟು: ಆ ಹಳಬರು ಚರ್ಮವನ್ನು ನೋಡಿದರು, ಬಗೆಗಳನ್ನು ಬೇರೆ ಮಾಡಿದರು, ಒಂದೊಂದಕ್ಕೂ ಬೇರೆ ಚಿಕಿತ್ಸೆ ಯೋಚಿಸಿದರು. ಇವತ್ತು ನಮ್ಮ ಅಡುಗೆಮನೆಯಲ್ಲಿ ಉಳಿದಿರುವ ಉಷ್ಣದಲ್ಲಿ ಆ ನೋಟವಿಲ್ಲ. ಬಾಯಿಹುಣ್ಣಿಗೆ ಉಷ್ಣ, ಮೊಡವೆಗೆ ಉಷ್ಣ, ಕಣ್ಣುರಿಗೆ ಉಷ್ಣ, ಮೂಲವ್ಯಾಧಿಗೆ ಉಷ್ಣ, ತುಟಿಗುಳ್ಳೆಗೂ ಉಷ್ಣ. ಎಲ್ಲಕ್ಕೂ ಉತ್ತರವಾಗುವ ಮಾತು ಯಾವುದನ್ನೂ ನೋಡುವುದಿಲ್ಲ.

ನಿಜಕ್ಕೂ ಪರಂಪರೆಯಿಂದ ಈ ರೋಗಕ್ಕೆ ಏನಾದರೂ ಬೇಕಿದ್ದರೆ ನಮ್ಮ ಭಾಷೆಯಲ್ಲೇ ಒಂದು ಮಾತು ಸಿದ್ಧವಾಗಿದೆ: ಎಂಜಲು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಏನೋ ದಾಟುತ್ತದೆ ಎಂಬ ಅರಿವು ಆ ಒಂದು ಮಾತಿನೊಳಗಿದೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿ ಎಂದು ನಮ್ಮನ್ನು ಬೆಳೆಸಿದರು. ಈ ಮಾತನ್ನು ಮನುಷ್ಯರನ್ನು ದೂರವಿಡಲು, ಅವಮಾನಿಸಲು ಬಳಸಿದ ಕ್ರೂರ ಚರಿತ್ರೆ ನನಗೆ ಗೊತ್ತಿದೆ, ಅದನ್ನು ಮರೆತು ಈ ಮಾತನ್ನು ಹೊಗಳುತ್ತಿಲ್ಲ. ಆದರೆ ಯಾರನ್ನೋ ಹೊರಗಿಡಲು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಎಂಜಲಿನ ನಿಯಮವನ್ನು, ಅದು ನಿಜವಾಗಿ ಬೇಕಿದ್ದ ಜಾಗದಲ್ಲಿ, ತೊಟ್ಟಿಲಿನ ಬಳಿ, ನಾವು ಮರೆತೆವು. ಗುಳ್ಳೆ ಎದ್ದ ತುಟಿಯ ಎಂಜಲನ್ನು ಎಳೆಮಗುವಿನ ಬಾಯಿಗೆ ನಾವೇ ಕೊಟ್ಟೆವು.

ನಾನೇ ಕೊಟ್ಟಿದ್ದೇನೆ. ಹದಿನೇಳು ವರ್ಷದ ಹಿಂದೆ ಅಕ್ಕನ ಮಗಳ ನಾಮಕರಣ. ಮಗುವಿಗೆ ಹನ್ನೊಂದು ದಿನ. ನನ್ನ ತುಟಿಯಲ್ಲಿ ಒಡೆದು ನೀರೂರುತ್ತಿದ್ದ ಗುಳ್ಳೆ. ನೆತ್ತಿಗೆ ಎಣ್ಣೆ ತಟ್ಟಿಕೊಂಡೇ ಹೋಗಿದ್ದೆ. ತೊಟ್ಟಿಲಿನಿಂದ ಎತ್ತಿಕೊಂಡು ಆ ಮಗುವಿನ ಹಣೆಗೆ, ಎರಡೂ ಕೆನ್ನೆಗೆ, ಕೊನೆಗೆ ತುಟಿಗೂ ಮುತ್ತಿಟ್ಟೆ. ಸುತ್ತ ನಿಂತಿದ್ದ ಇಪ್ಪತ್ತು ಹೆಂಗಸರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ನನಗೆ ಉಷ್ಣವಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಮಗುವಿಗೆ ಏನೂ ಆಗಲಿಲ್ಲ. ಈಗ ಪಿಯುಸಿ ಓದುತ್ತಿದ್ದಾಳೆ. ಆದರೆ ಎಷ್ಟೋ ವರ್ಷದ ಮೇಲೆ ಚರ್ಮದ ಡಾಕ್ಟರೊಬ್ಬರು ಈ ರೋಗದ ಬಗ್ಗೆ ಮೊದಲ ಸಲ ನನಗೆ ಬಿಡಿಸಿ ಹೇಳಿದ ರಾತ್ರಿ, ಆ ನಾಮಕರಣದ ಫೋಟೊ ತೆಗೆದು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮಗುವಿಗೆ ಈ ವೈರಾಣುವನ್ನು ಎದುರಿಸುವ ಶಕ್ತಿ ತೀರಾ ಕಡಿಮೆ. ಜಗತ್ತಿನಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ಸುಮಾರು 10 ಶಿಶುಗಳಿಗೆ ಈ ಸೋಂಕು ತಗುಲುತ್ತದೆ ಎಂಬ ಅಂದಾಜಿದೆ. ಅವುಗಳಲ್ಲಿ ಹೆಚ್ಚಿನವು ಹೆರಿಗೆಯ ಹೊತ್ತಿಗೆ ತಾಯಿಯಿಂದ ಬರುತ್ತವೆ. ಸುಮಾರು ಹತ್ತರಲ್ಲಿ ಒಂದು ಹುಟ್ಟಿದ ಮೇಲೆ, ಮುದ್ದಿಸುವವರಿಂದ. ಅಪರೂಪ ಎಂದೇ ಹೇಳಬೇಕು. ಆದರೆ ಮೈಯೊಳಗೆಲ್ಲ ಹರಡಿದರೆ, ಮದ್ದು ಸಿಗದಿದ್ದರೆ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಶಿಶುಗಳು ಉಳಿಯುವುದಿಲ್ಲ. ಹಾಲು ಕುಡಿಯದಿರುವುದು, ಮಂಕಾಗುವುದು, ಜ್ವರ ಅಥವಾ ಮೈ ತಣ್ಣಗಾಗುವುದು, ಫಿಟ್ಸ್, ಕೆಲವೊಮ್ಮೆ ಮೈಮೇಲೆ ಗುಳ್ಳೆ. ಈ ಲಕ್ಷಣಗಳನ್ನು ನೋಡಿ ಮನೆಯವರಿಗೆ ಆ ಮುತ್ತು ನೆನಪಾಗಬೇಕು, ಅದನ್ನು ಡಾಕ್ಟರಿಗೆ ಹೇಳಬೇಕು. ಉಷ್ಣ ಎಂದುಕೊಂಡವರಿಗೆ ಹೇಗೆ ನೆನಪಾಗುತ್ತದೆ? ಅವರ ಲೆಕ್ಕದಲ್ಲಿ ಅಂಟುವಂಥದ್ದು ಏನೂ ನಡೆದೇ ಇಲ್ಲ.

ಇದು ಹೆದರಿಸುವ ಮಾತು, ತಾಯಂದಿರು ಮಗುವನ್ನು ಮುಟ್ಟಲೂ ಅಂಜುತ್ತಾರೆ ಎನ್ನುವವರಿಗೆ ಹೇಳುತ್ತೇನೆ: ಹೆದರಿಕೆ ಹುಟ್ಟುವುದು ಅರ್ಧ ತಿಳಿದಾಗ. ತಾಯಿಗೆ ಮೊದಲಿನಿಂದ ಈ ಸೋಂಕಿದ್ದರೆ ಅವಳ ರಕ್ತದಲ್ಲಿರುವ ರಕ್ಷಣೆ ಒಂದಿಷ್ಟು ಮಗುವಿಗೂ ಬಂದಿರುತ್ತದೆ. ತುಟಿಯಲ್ಲಿ ಗುಳ್ಳೆ ಇದ್ದರೂ ಅವಳು ಮೊಲೆಹಾಲು ಕುಡಿಸಬಹುದು. ಮೊಲೆಯ ಮೇಲೆ ಗುಳ್ಳೆ ಇರಬಾರದು, ಬಾಯಿಗೆ ಮಾಸ್ಕ್ ಕಟ್ಟಬೇಕು, ಕೈ ತೊಳೆಯಬೇಕು, ಹಕ್ಕಳೆ ಉದುರುವವರೆಗೆ ಮುತ್ತಿಡಬಾರದು. ನಂಟರು ಅಷ್ಟು ದಿನ ಮಗುವನ್ನು ಎತ್ತಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಗುಳ್ಳೆ ಇಲ್ಲದಾಗಲೂ ಎಂಜಲಿನಲ್ಲಿ ವೈರಾಣು ಒಮ್ಮೊಮ್ಮೆ ಇರುತ್ತದೆ, ಹಾಗಾಗಿ ಎಳೆಮಗುವಿನ ತುಟಿಗೆ ಯಾರೂ ಮುತ್ತಿಡದಿರುವುದೇ ಲೇಸು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು, ಹೇಳುವವರೂ ನಮ್ಮಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕೆಂಬ ಕ್ರಮವಿದೆ. ಮಗು ಈ ವೈರಾಣುವಿಗೆ ಅತ್ಯಂತ ಸುಲಭದ ತುತ್ತಾಗುವ ದಿನಗಳೂ ಅವೇ. ನಾನು ಕಂಡ ಮನೆಗಳಲ್ಲಿ ಹೊಕ್ಕಳು ಒಣಗಿದೆಯೇ, ಮೈ ಬೆಚ್ಚಗಿದೆಯೇ, ಹಾಲು ಸಾಕಾಗುತ್ತಿದೆಯೇ ಎಂದೆಲ್ಲ ಅಕ್ಕರೆಯಿಂದ ಕೇಳಿದ ಆ ಹೆಣ್ಣುಮಕ್ಕಳ ಬಾಯಲ್ಲಿ ತುಟಿಗುಳ್ಳೆಯ ಮಾತು ಒಮ್ಮೆಯೂ ಬರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯ ದಿನದ ಭೇಟಿಯಲ್ಲಿ ಈ ಮಾತನ್ನು ಸೇರಿಸಿ. ತಾಯಿ ಕಾರ್ಡಿನಲ್ಲಿ ಒಂದು ಸಾಲು ಅಚ್ಚುಹಾಕಿ. ಹೊಸ ಯೋಜನೆ ಬೇಡ, ಹೊಸ ಅನುದಾನವೂ ಬೇಡ.

ಕಳೆದ ವೈಶಾಖದಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿ ನಾಮಕರಣವಿತ್ತು. ಹಿಂದಿನ ರಾತ್ರಿ ತುಟಿ ಜುಮುಗುಟ್ಟಿತು. ಆಗಲೇ ಮಾತ್ರೆ ನುಂಗಿದೆ, ಬೆಳಿಗ್ಗೆ ಇನ್ನೊಮ್ಮೆ ನುಂಗಿದೆ. ಆದರೂ ಸಣ್ಣದೊಂದು ಗುಳ್ಳೆ ಎದ್ದಿತು. ಮಾಸ್ಕ್ ಹಾಕಿಕೊಂಡು ಹೋಗಿ ತೊಟ್ಟಿಲಿನಿಂದ ದೂರ ಕಂಬದ ಪಕ್ಕ ನಿಂತೆ. ಸೋದರತ್ತೆ ನೋಡಿದರು. ಎಂಬತ್ತರ ಹತ್ತಿರದ ಹೆಂಗಸು. ನಾನು ಬೆಳೆದದ್ದು ಅವರ ಸೊಂಟದ ಮೇಲೆ.

"ಅಲ್ಲ್ಯಾಕೆ ನಿಂತಿದೀಯೇ? ಬಾ, ಎತ್ಕೋ ಮಗೂನ."

"ತುಟೀಲಿ ಗುಳ್ಳೆ ಎದ್ದಿದೆ ಅತ್ತೆ. ಮಗೂಗೆ ಅಂಟುತ್ತೆ."

"ಉಷ್ಣ ಅಲ್ವೇನೇ ಅದು?"

"ಅಲ್ಲ ಅತ್ತೆ. ಒಬ್ಬರಿಂದ ಒಬ್ಬರಿಗೆ ಬರೋದು. ನನಗೂ ಚಿಕ್ಕವಳಿದ್ದಾಗ ಯಾರಿಂದಲೋ ಬಂದಿರೋದು."

ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವರ ತುಟಿಗೂ ವರ್ಷಕ್ಕೆರಡು ಸಲ ಏಳುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೆರಳಿನಿಂದ ತಮ್ಮ ತುಟಿಯ ಅಂಚನ್ನು ಮುಟ್ಟಿಕೊಂಡು, "ಹಾಗಾದ್ರೆ ನಾನೇ ಇರಬೇಕು" ಎಂದರು.

"ಮುದ್ದು ಮಾಡಿದ್ರಿ ತಾನೇ ಅತ್ತೆ. ಬಿಡಿ."

ಅವರು ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ಸೆರಗನ್ನು ಬಾಯಿಗೆ ಸುತ್ತಿಕೊಂಡು ತೊಟ್ಟಿಲಿನ ಮೇಲೆ ಬಗ್ಗಿ, ಮಗುವಿನ ಪಾದ ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರು.